ಅಪ್ಪಣೆ ಇಲ್ಲದ ಕಲ್ಲು

ನಮ್ಮ ಊರಿನಲ್ಲಿ ಬೆಳಿಗ್ಗೆ ಮನೆಯಿಂದ ಹೊರಡುವವರು ಚಪ್ಪಲಿ ಮರೆತರೂ ಮರೆತಾರು, ಸೊಂಟದ ಕಲ್ಲಿನ ಚೀಲ ಮರೆಯುವುದಿಲ್ಲ. ಮರೆತರೆ ಹೊಸ್ತಿಲು ದಾಟುತ್ತಿದ್ದ ಹಾಗೆ ಕಾಲು ನೆಲ ಬಿಡುತ್ತದೆ. ಪೇಟೆ ಬೀದಿಯ ಉದ್ದಕ್ಕೂ ಗೋಡೆಗಳಿಗೆ ಕಬ್ಬಿಣದ ಬಳೆ ಹೊಡೆದು ಹಗ್ಗ ಎಳೆದಿದ್ದಾರೆ. ಗಾಳಿ ಬಂದಾಗ ಜನ ಅದನ್ನು ಹಿಡಿದು ನಿಲ್ಲುತ್ತಾರೆ, ಗಾಳಿ ಹೋದ ಮೇಲೆ ನಿಂತ ಮಾತು ಮುಂದುವರಿಸುತ್ತಾರೆ. ಹೋಟೆಲಿನವರು ಫ್ಯಾನು ಬಿಚ್ಚಿಟ್ಟು ಎಷ್ಟೋ ಕಾಲವಾಯಿತು. ಬಸ್ಸಿನ ಸೀಟುಗಳಿಗೆಲ್ಲ ಪಟ್ಟಿ ಹಾಕಿಸಿದ್ದಾರೆ, ಕಂಡಕ್ಟರು ಟಿಕೆಟ್ಟು ಕೊಡುವ ಮೊದಲು ಅದನ್ನು ಎಳೆದು ನೋಡುತ್ತಾನೆ. ಮದುವೆಯಲ್ಲಿ ಹೆಣ್ಣು ಗಂಡಿನ ಸೆರಗು ಕಟ್ಟುವಾಗ ಪುರೋಹಿತರು ಒಂದು ಗಂಟು ಹೆಚ್ಚಿಗೆ ಹಾಕುತ್ತಾರೆ.

ನನಗೆ ಆ ಚೀಲ ಬೇಕಿಲ್ಲ. ನಾನು ತಿಮ್ಮಾಜಮ್ಮ, ಸಂತೆಮಾಳದ ಹಿಂದಿನ ಹಿಟ್ಟಿನ ಗಿರಣಿಯವಳು. ಗಂಡ ಸತ್ತ ಮೇಲೆ ಗಿರಣಿ ನನ್ನ ಕೈಗೆ ಬಂತು. ಇಡೀ ದಿನ ಮಿಷನ್ನಿನ ಸದ್ದಿನಲ್ಲಿ ಬದುಕುವವಳಿಗೆ ಮೆತ್ತಗೆ ಮಾತಾಡುವುದು ಬರುವುದಿಲ್ಲ. ನಾನು ಗುಟ್ಟು ಹೇಳಿದರೆ ಮೂರು ಬೀದಿಗೆ ಕೇಳುತ್ತದೆ ಎಂದು ನಗುತ್ತಾರೆ, ನಗಲಿ ಬಿಡಿ. ಮೈಯೂ ಹಾಗೆಯೇ, ಬಾಗಿಲು ತುಂಬುವಷ್ಟಿದೆ. ವಿಹಾರದಲ್ಲಿ ಕೂತವರು ಮಾತ್ರ ಹಗುರಾಗುತ್ತಾರೆ, ನಾನು ಒಂದು ದಿನವೂ ಹೋಗಿ ಕೂತವಳಲ್ಲ. ಮಿಷನ್ನು ಯಾರು ನೋಡಿಕೊಳ್ಳುತ್ತಾರೆ? ಹೀಗೆ ಕೂರದೆ ಉಳಿದವರು ಊರಿನಲ್ಲಿ ಈಗ ಬೆರಳೆಣಿಕೆಯಷ್ಟು ಜನ.

ವಿಹಾರ ಎಂದರೆ ಹಳೇ ಹೊಗೆಸೊಪ್ಪಿನ ಗೋಡೌನು. ಶೂನ್ಯರತ್ನರು ಬಂದ ಮೇಲೆ ಅದಕ್ಕೆ ಸುಣ್ಣ ಹೊಡೆಸಿ, ಒಂದು ಬುದ್ಧನ ಮೂರ್ತಿ ಇಟ್ಟು, ಬನ್ನಿ ಕೂತುಕೊಳ್ಳಿ ಎಂದರು. ಅವರು ಯಾವುದೋ ಬೆಟ್ಟದ ದೇಶದಲ್ಲಿ ಬೌದ್ಧ ಸಾಧುಗಳ ಹತ್ತಿರ ಕಲಿತು, ಅವರನ್ನೂ ಮೀರಿ, ತಮ್ಮದೇ ಹಗುರಮಾರ್ಗ ಕಂಡುಕೊಂಡವರಂತೆ. ಆ ಬೆಟ್ಟ ಯಾವುದು, ಆ ಸಾಧುಗಳು ಯಾರು ಎಂದು ಯಾರೂ ಕೇಳಲಿಲ್ಲ, ಹಾಗಾಗಿ ನಾನೂ ಅಂತೆ ಎಂದೇ ಹೇಳಬೇಕು. ಮಂಡಿನೋವಿನವರು ಹೋದರು, ಅತ್ತೆಯ ಕಾಟ ತಡೆಯಲಾರದವರು ಹೋದರು, ಪರೀಕ್ಷೆಯಲ್ಲಿ ಫೇಲಾದವರು ಹೋದರು. ಕಣ್ಣು ಮುಚ್ಚಿ ಉಸಿರು ನೋಡುತ್ತಾ ಕೂರುವುದಷ್ಟೇ ಕೆಲಸ. ಹೋದವರು ನಿಜಕ್ಕೂ ಹಗುರಾಗಿ ಬಂದರು. ಅದರಲ್ಲಿ ಮೋಸವಿಲ್ಲ, ಅದನ್ನು ನಾನೂ ಒಪ್ಪುತ್ತೇನೆ.

ನನ್ನ ತಂಗಿ ಹೊಂಬಾಳೆ ಹೋದದ್ದು ಮಗು ಕಳೆದುಕೊಂಡ ಮೇಲೆ. ಆಗತಾನೆ ಮಾತು ಕಲಿತಿದ್ದ ಹೆಣ್ಣುಮಗು, ಜ್ವರ ಬಂದು ಹೋಗಿಬಿಟ್ಟಿತು. ಹೊಂಬಾಳೆ ಚಾಪೆ ಬಿಟ್ಟು ಏಳಲಿಲ್ಲ. ತಲೆ ಬಾಚಲಿಲ್ಲ. ನಾನು ಗಿರಣಿ ಮುಚ್ಚಿ ಹೋಗಿ ತುತ್ತು ಕಲಸಿ ಬಾಯಿಗಿಟ್ಟರೆ, ಅಗಿಯದೆ ಹಾಗೇ ಇಟ್ಟುಕೊಂಡಿರುತ್ತಿದ್ದಳು. ಗಂಡ ಜವರಪ್ಪ ಸೈಕಲ್ ಶಾಪಿನವನು, ನಮ್ಮ ಸೋದರಮಾವನ ಮಗನೇ, ಒಳ್ಳೆಯವನು. ಏನು ಮಾಡಬೇಕೆಂದು ತಿಳಿಯದೆ ಅವಳ ಪಕ್ಕದಲ್ಲಿ ಪಂಕ್ಚರ್ ಹಾಕುತ್ತಾ ಕೂತಿರುತ್ತಿದ್ದ. ಕೊನೆಗೆ ಅವನೇ ಅವಳನ್ನು ವಿಹಾರಕ್ಕೆ ಕರೆದುಕೊಂಡು ಹೋದ, ತಾನೂ ಜೊತೆಗೆ ಕೂತ. ಸ್ವಲ್ಪ ದಿನಕ್ಕೆ ಹೊಂಬಾಳೆ ಗಿರಣಿಯ ಬಾಗಿಲಿಗೆ ಬಂದು ನಿಂತಳು. ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ಹಿಟ್ಟು ಮೆತ್ತಿದ್ದ ನನ್ನ ಮುಖ ನೋಡಿ, "ಅಯ್ಯೋ ಅಕ್ಕಾ, ಒಳ್ಳೇ ದೆವ್ವದ್ ಥರ ಕಾಣ್ತೀಯಲ್ಲೇ," ಎಂದು ನಕ್ಕಳು. ಆ ನಗು ಕೇಳಿ ನಾನು ಮಿಷನ್ನು ನಿಲ್ಲಿಸಿ ಅತ್ತೆ. ಅವತ್ತು ಗುರುಗಳ ಕಾಲಿಗೆ ಅಡ್ಡ ಬೀಳಬೇಕು ಅನ್ನಿಸಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಹಗುರಾದವರು ಹಾರಿಹೋಗದ ಹಾಗೆ ಚೀಲ ಕೊಡುವುದೂ ವಿಹಾರದ್ದೇ ಕೆಲಸ. ಬಿಳಿ ಬಟ್ಟೆಯ ಚೀಲ, ಒಳಗೆ ಹೊಳೆಯ ಗುಂಡುಕಲ್ಲು. ಅದನ್ನು ತೂಕ ಎನ್ನುತ್ತಾರೆ. ತೂಕವನ್ನು ಗುರುಗಳ ಕೈಯಿಂದಲೇ ತೆಗೆದುಕೊಳ್ಳಬೇಕು. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಎಲ್ಲರ ಚೀಲವನ್ನೂ ಅವರ ಮುಂದೆ ರಾಶಿ ಹಾಕಬೇಕು. ಅವರು ಒಂದೊಂದನ್ನೇ ಮುಟ್ಟಿ, ಕಲ್ಲು ಹಾಕಿಯೋ ತೆಗೆದೋ ವಾಪಸ್ಸು ಕೊಡುತ್ತಾರೆ. ಅವರು ಕೊಟ್ಟದ್ದಕ್ಕೆ ನಾವಾಗಿ ಒಂದು ಹರಳು ಸೇರಿಸಿದರೂ ಅದು ಆಸೆ, ಆಸೆಯೆಂದರೆ ಪಾಪ. ಮೊದಮೊದಲು ಎಲ್ಲರಿಗೂ ಧಾರಾಳವಾಗಿ ಕೊಡುತ್ತಿದ್ದರು. ಆಮೇಲೆ, ಗುರುಗಳ ಮಾತಿಗೆ ಎದುರಾಡಿದವರ, ಪ್ರವಚನ ತಪ್ಪಿಸಿದವರ, ಬೇರೆ ಊರಿನ ನೆಂಟರ ಮನೆಗೆ ಹೇಳದೆ ಹೋಗಿ ಬಂದವರ ಚೀಲ ತೆಳ್ಳಗಾಗತೊಡಗಿತು. ಶಿಕ್ಷೆ ಎಂದು ಯಾರೂ ಹೇಳುವಂತಿಲ್ಲ. ಮುಂದಿನ ಮೆಟ್ಟಿಲು ಎನ್ನಬೇಕು. ಮುಂದಿನ ಮೆಟ್ಟಿಲಿಗೆ ಹೋದವರು ಹಗ್ಗವನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಬೆವರು ಸುರಿಸುತ್ತಾ, ಎದುರಿಗೆ ಸಿಕ್ಕವರಿಗೆಲ್ಲ ನಗು ತೋರಿಸುತ್ತಾ ಹೋಗುವುದನ್ನು ನಾನು ಗಿರಣಿಯಲ್ಲಿ ಕೂತು ನೋಡುತ್ತಿದ್ದೆ.

ಮೊದಲು ಹೋದವನು ಟೈಲರ್ ಪಾಪಣ್ಣ. ಅವನ ಮಗಳನ್ನು ವಿಹಾರದ ಸೇವೆಗೆ ಇಟ್ಟುಕೊಂಡಿದ್ದರು. ತನ್ನ ತಂಗಿಯ ಮನೆ ಮದುವೆಗೆ ಎರಡು ದಿನ ಕಳಿಸಿಕೊಡಿ ಎಂದು ಅವನು ಹೋಗಿ ಜೋರಾಗಿ ಕೇಳಿದನಂತೆ. ಆ ಹುಣ್ಣಿಮೆಗೆ ಅವನ ಚೀಲ ಅಂಗೈಗೆ ಹಿಡಿಯುವಷ್ಟಾಯಿತು. ಬಸ್ ಸ್ಟ್ಯಾಂಡಿನಲ್ಲಿ ಸುಂಟರಗಾಳಿ ಎದ್ದಾಗ ಅವನ ಕೈ ಹಗ್ಗದಿಂದ ಜಾರಿತು. ಎಲ್ಲರೂ ತಲೆ ಎತ್ತಿ ನೋಡಿದರು. ಕೂಗಿಕೊಳ್ಳುತ್ತಲೇ ಮೇಲೆ ಹೋದ ಪಾಪ, ಕೂಗು ಬಹಳ ಹೊತ್ತು ಕೇಳಿಸಿತು. ಸಾಯಂಕಾಲ ವಿಹಾರದವರು ಪಾಪಣ್ಣ ಮುಕ್ತರಾದರು ಎಂದು ಬೀದಿಬೀದಿಗೆ ಸಿಹಿ ಪೊಂಗಲ್ ಹಂಚಿದರು. ನಾನು ದೊನ್ನೆ ಮುಟ್ಟಲಿಲ್ಲ. ಪಕ್ಕದ ಅಂಗಡಿಯವರು ನನ್ನ ಪಾಲನ್ನೂ ತಿಂದರು.

ಹೊಂಬಾಳೆ ಅಂಥ ಜಗಳಗಂಟಿಯಲ್ಲ. ಜಗಳವೆಲ್ಲ ನಮ್ಮ ಮನೆಯಲ್ಲಿ ನನ್ನ ಪಾಲಿಗೇ ಬಂದಿತ್ತು. ಅವಳು ಕೇಳಿದ್ದು ಒಂದೇ ಒಂದು ಪ್ರಶ್ನೆ, ಅದೂ ಚಿಕ್ಕ ಮಕ್ಕಳು ಕೇಳುವಂಥದ್ದು. ಪ್ರವಚನ ಮುಗಿದ ಮೇಲೆ ಎದ್ದು ನಿಂತು, "ಗುರುಗಳೇ, ನಮಗೆಲ್ಲ ಚೀಲ ಇದೆ, ನಿಮಗ್ಯಾಕೆ ಇಲ್ಲ?" ಎಂದಳಂತೆ. ನಿಜವೇ. ಶೂನ್ಯರತ್ನರು ಚೀಲವಿಲ್ಲದೆ ಓಡಾಡುತ್ತಿದ್ದರು, ಕಾಲು ನೆಲದ ಮೇಲೇ ಇರುತ್ತಿತ್ತು. ಅದನ್ನು ಊರೆಲ್ಲ ದಿನಾ ನೋಡುತ್ತಿತ್ತು. ಏರುವುದೂ ಇಳಿಯುವುದೂ ಅವರ ಇಚ್ಛೆ ಎಂದು ಎಲ್ಲರೂ ನಂಬಿದ್ದರು. ಅವರು ಏರಿದ್ದನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಒಮ್ಮೆ ಗಿರಣಿಗೆ ಆಶೀರ್ವಾದ ಮಾಡಲು ಬಂದಿದ್ದರು, ನನ್ನ ಮೋರಿಯ ಮೇಲಿನ ಹಲಗೆ ನನ್ನ ಕಾಲಡಿ ಹೇಗೆ ಕಿರುಗುಟ್ಟುತ್ತದೋ ಅವರ ಕಾಲಡಿಯೂ ಹಾಗೇ ಕಿರುಗುಟ್ಟಿತು. ಹೊಂಬಾಳೆಯ ಪ್ರಶ್ನೆಗೆ ಅವರು ಮುಗುಳ್ನಕ್ಕರಂತೆ, ಅಷ್ಟೆ. ಮುಂದಿನ ಹುಣ್ಣಿಮೆಗೆ ಅವಳ ಚೀಲ ಅರ್ಧವಾಯಿತು. ಅದರ ಮುಂದಿನದಕ್ಕೆ ಅರ್ಧದ ಅರ್ಧ.

ನಾನು ಅವಳ ಮನೆಗೆ ಹೋದಾಗ ಜವರಪ್ಪ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿದಿದ್ದ. ಅವಳು ಒಲೆಯ ಮುಂದೆ ಅಂತರದಲ್ಲಿ ತೂಗಾಡುತ್ತಾ ರೊಟ್ಟಿ ತಟ್ಟುತ್ತಿದ್ದಳು. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಕಲ್ಲುಗಳನ್ನು ಅವಳ ಚೀಲಕ್ಕೆ ತುರುಕಿದೆ. ಅವಳು ಒಂದೊಂದನ್ನೇ ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಬೇಡ ಕಣಕ್ಕ. ಅಪ್ಪಣೆ ಇಲ್ಲದ ಕಲ್ಲು ಇದು."

"ಅಪ್ಪಣೆಗೆ ಬೆಂಕಿ ಬೀಳ. ಹೊಳೇಲಿ ಬಿದ್ದಿರೋ ಕಲ್ಲಿಗೆ ಯಾವನ ಅಪ್ಪಣೆ ಬೇಕೇ?"

"ಹಂಗನ್ಬೇಡ. ನಾನು ತಪ್ಪು ಕೇಳ್ದೆ. ಅದಕ್ಕೇ ಅವರು ನನ್ನ ತಿದ್ದುತಾ ಅವ್ರೆ. ನನ್ನ ಕೈ ಹಿಡಿದು ಚಾಪೆಯಿಂದ ಎಬ್ಬಿಸಿದ್ದು ಯಾರು ಹೇಳು? ನೀನಾ? ನಿನ್ನ ಕೈಲಿ ಆಯ್ತಾ?"

ಅವಳು ಹೇಳಿದ್ದು ಸುಳ್ಳಾಗಿದ್ದರೆ ಬೈದು ಬಾಯಿ ಮುಚ್ಚಿಸುತ್ತಿದ್ದೆ. ಆಮೇಲೆ ಅವಳೇ ದನಿ ತಗ್ಗಿಸಿ, "ಭಯ ಆಗುತ್ತೆ ಕಣಕ್ಕ," ಎಂದಳು. "ನಿದ್ದೆಗಣ್ಣಲ್ಲಿ ಮೈ ಸೂರಿಗೆ ತಾಗಿದ್ರೆ ಎದ್ದು ಕಿರುಚ್ಕೋತೀನಿ. ಆದ್ರೆ ಭಯ ಅನ್ನೋದೂ ಆಸೆನೇ ಅಂತಾರೆ." ಜವರಪ್ಪ ತಲೆ ತಗ್ಗಿಸಿಕೊಂಡು ಹಗ್ಗದ ಗಂಟು ನೋಡುತ್ತಿದ್ದ.

ನಾನು ನೆಟ್ಟಗೆ ವಿಹಾರಕ್ಕೆ ಹೋದೆ. ಅಲ್ಲಿ ಚೀಲಗಳ ಮೇಲ್ವಿಚಾರಣೆ ಧೀರಮಾತೆಯದು. ಧೀರಮಾತೆ ಎಂದರೆ ನಮಗೆಲ್ಲ ಮಗ್ಗಿ ಕಲಿಸಿದ ಕಮಲಾಕ್ಷಿ ಟೀಚರೇ. ಆಗ ಅವರ ಬೆತ್ತ ಕಂಡರೆ ನಡುಗುತ್ತಿದ್ದೆವು. ಈಗ ಬೆತ್ತವಿಲ್ಲ, ದನಿಯೂ ಇಲ್ಲ, ಮಾತಾಡಿದರೆ ನಾವೇ ಬಗ್ಗಿ ಕೇಳಿಸಿಕೊಳ್ಳಬೇಕು.

"ಟೀಚರೇ, ನನ್ನ ತಂಗಿ ಚೀಲ ತುಂಬ್ಸಿ. ಹಾರಿ ಹೋದ್ರೆ ಯಾರು ಜವಾಬ್ದಾರಿ?"

"ತಿಮ್ಮಾಜಿ, ಜವಾಬ್ದಾರಿ ಅನ್ನೋದು ಬಹಳ ಭಾರದ ಮಾತು," ಎಂದರು ಅವರು. "ಅದನ್ನ ಇಳಿಸೋಕೇ ಇಲ್ಲಿಗೆ ಜನ ಬರೋದು. ನೀನೂ ಬಂದು ಕೂರಬಾರದಾ?"

"ಕೂರೋದಿರ್ಲಿ, ತೂಕ ಕಮ್ಮಿ ಮಾಡಿದ್ದು ಯಾರು? ಅಷ್ಟು ಹೇಳಿ."

"ಗುರುಗಳು ಮುಟ್ತಾರೆ. ನಾನು ಕಟ್ತೀನಿ. ಅವಳ ಒಳಗಿನ ಸ್ಥಿತಿ ಎಷ್ಟು ಕೇಳುತ್ತೋ ಅಷ್ಟು ಕಲ್ಲು ತಾನಾಗೇ ನಿಲ್ಲುತ್ತೆ." ಕೈ ಮುಗಿದು ಒಳಗೆ ಹೋದರು. ಗುರುಗಳು ಮೌನದಲ್ಲಿದ್ದಾರೆ ಎಂದು ಹೇಳಿ ಕಳಿಸಿದರು. ನಾನು ಬೈಯಬೇಕೆಂದು ಹೋದಾಗಲೆಲ್ಲ ಆ ಮನುಷ್ಯ ಮೌನದಲ್ಲೇ ಇರುತ್ತಿದ್ದ.

ಊರಲ್ಲಿ ಬುದ್ಧನ ಹೆಸರು ಶೂನ್ಯರತ್ನರಿಗಿಂತ ಮೊದಲೇ ಹೇಳುತ್ತಿದ್ದವರು ಮಾದಯ್ಯ ಮೇಷ್ಟ್ರು. ಅವರ ಕೇರಿಯವರು ಹಿಂದೆಯೇ ಬೌದ್ಧರಾಗಿ, ತಾವೇ ಇಟ್ಟಿಗೆ ಹೊತ್ತು ಒಂದು ಪುಟ್ಟ ಮಂದಿರ ಕಟ್ಟಿಕೊಂಡಿದ್ದರು. ನಾನು ಅಲ್ಲಿಗೆ ಹೋಗಿ ಜಗುಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ನಾನೂ ಹೋಗಿ ಕೇಳ್ದೆ ಕಣಮ್ಮ ಆವಯ್ಯನ್ನ. ಬುದ್ಧ ಏನಂದ? ಯಾರೋ ಹೇಳಿದ್ರು ಅಂತ ನಂಬ್ಬೇಡಿ, ನೀವೇ ನೋಡಿ, ಕೇಳಿ ಅಂದ. ನೀವು ಕೇಳಿದವರ ಕಲ್ಲು ಕಿತ್ಕೋತೀರಲ್ಲ, ಇದ್ಯಾವ ಧರ್ಮ ಅಂದೆ. ಅದಕ್ಕೆ ಏನಂದ್ರು ಗೊತ್ತಾ? ನಿಮ್ಮಂಥೋರಲ್ಲಿ ಹಳೇ ನೋವಿನ ಭಾರ ಬಹಳ ಇದೆ, ಅದನ್ನ ಬಿಡೋಕೆ ಕಲೀರಿ ಅಂದ್ರು. ಬಿಡೋಕೆ ಅದೇನು ಗಂಟಾ? ಅದು ನನ್ನ ಬೆನ್ನುಮೂಳೆ." ಅವರು ಒಳಗಿನ ಮೂರ್ತಿಯ ಕಡೆ ಕೈ ತೋರಿಸಿದರು. "ನೋಡು, ನಮ್ಮಪ್ಪ ಬಲಗೈಲಿ ನೆಲ ಮುಟ್ಕೊಂಡು ಕೂತವ್ನೆ. ಭೂಮಿನ ಸಾಕ್ಷಿ ಕರೆದೋನು. ಅವರ ವಿಹಾರದಲ್ಲಿ ಹೋಗಿ ನೋಡು, ಆ ಕೈನ ಎತ್ತಿ ಮಡಿಲಲ್ಲಿ ಇಟ್ಟವ್ರೆ."

"ಹಂಗಾದ್ರೆ ನಾನೇನ್ ಮಾಡ್ಲಿ ಮೇಷ್ಟ್ರೇ?"

"ಅವಳನ್ನ ಅಲ್ಲಿಂದ ಕರ್ಕೊಂಡು ಹೋಗು. ಬೈದಾದ್ರೂ ಸರಿ, ಹೊತ್ಕೊಂಡಾದ್ರೂ ಸರಿ. ಹುಣ್ಣಿಮೆ ಒಳಗೆ ಹೋಗು."

ನಾನು ಬೈದೆ, ಬೇಡಿಕೊಂಡೆ, ಕಾಲೂ ಹಿಡಿದೆ. ನಮ್ಮ ಚಿಕ್ಕಮ್ಮನ ಊರಿಗೆ ಹೋಗಿಬಿಡೋಣ, ಅಲ್ಲಿ ಯಾರಿಗೂ ಚೀಲವಿಲ್ಲ, ಸೊಂಟಕ್ಕೆ ಬೀಸುಕಲ್ಲು ಕಟ್ಟಿಕೊಂಡಾದರೂ ಬದುಕೋಣ ಎಂದೆ. ಅವಳು ಕೇಳಿಸಿಕೊಂಡಳು. ಒಂದು ಗಳಿಗೆ ಅವಳ ಮುಖದಲ್ಲಿ ಹೋಗಬೇಕೆಂಬ ಆಸೆ ಕಂಡಿತು, ಸುಳ್ಳು ಹೇಳುವುದಿಲ್ಲ. ಆಮೇಲೆ, "ಈ ಹುಣ್ಣಿಮೆಗೆ ಚೀಲ ತುಂಬಿಸಿ ಕೊಡ್ತಾರಂತೆ ಅಕ್ಕ, ಧೀರಮಾತೆ ಹೇಳವ್ರೆ. ಇದೊಂದು ನೋಡ್ಕೊಂಡು ಬರ್ತೀನಿ," ಎಂದಳು. ಜವರಪ್ಪನೂ, "ಇದೊಂದು ಸಲ ಅತ್ತಿಗೆ," ಎಂದ. ಅವನ ಮೈಯೂ ಆಗಲೇ ಹಗುರಾಗಿತ್ತು. ಇಬ್ಬರಿಗೂ ಪರವಾನಗಿ ಇಲ್ಲದೆ ಊರು ಬಿಡುವ ಧೈರ್ಯವಿರಲಿಲ್ಲ.

ಹುಣ್ಣಿಮೆಯ ದಿನ ಚೀಲವಿಲ್ಲದವರನ್ನು ವಿಹಾರದ ಅಂಗಳಕ್ಕೆ ಬಿಡುವುದಿಲ್ಲ. ಆದರೆ ಗಂಜಿಗೆ ರಾಗಿಹಿಟ್ಟು ಹೋಗುವುದು ನನ್ನ ಗಿರಣಿಯಿಂದ. ಮೂಟೆ ಹೊತ್ತುಕೊಂಡು ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋದೆ. ಅಲ್ಲಿಂದ ಅಂಗಳ ಪೂರ್ತಿ ಕಾಣುತ್ತದೆ. ಬೆಳಗಿನ ಎಳೆಬಿಸಿಲು, ಗಾಳಿಯ ಸುಳಿವಿಲ್ಲ. ಜನ ನೆಲಕ್ಕೆ ಹೊಡೆದ ಕಬ್ಬಿಣದ ಬಳೆಗಳನ್ನು ಹಿಡಿದುಕೊಂಡು ಸಾಲಾಗಿ ಕೂತಿದ್ದರು. ಶೂನ್ಯರತ್ನರು ಕಟ್ಟೆಯ ಮೇಲೆ ಕಣ್ಣು ಮುಚ್ಚಿಕೊಂಡಿದ್ದರು. ಧೀರಮಾತೆ ಹೆಸರು ಕರೆದ ಹಾಗೆ ಒಬ್ಬೊಬ್ಬರೂ ಹೋಗಿ ಚೀಲ ಕಟ್ಟಿಸಿಕೊಂಡು ಬಂದು ಕೂರುತ್ತಿದ್ದರು. ಜವರಪ್ಪನ ಚೀಲ ಬಂತು. ಹೊಂಬಾಳೆಯದು ಬರಲಿಲ್ಲ. ರಾಶಿ ಖಾಲಿಯಾಯಿತು. ಅವಳು ಬಳೆ ಹಿಡಿದು ಕೂತೇ ಇದ್ದಳು, ಅವಳ ಸೊಂಟದ ಹಗ್ಗ ಜವರಪ್ಪನ ಮುಷ್ಟಿಯಲ್ಲಿತ್ತು.

ಧೀರಮಾತೆ ಅವರಿಬ್ಬರ ಹತ್ತಿರ ಬಂದು ನಿಂತರು. ನಾನು ಮೂಟೆ ಇಳಿಸಿದವಳು ಹಾಗೇ ನಿಂತೆ. "ಹೊಂಬಾಳೆ, ಬಳೆ ಬಿಡಮ್ಮ," ಎಂದರು. ಅವಳು ಬಿಟ್ಟಳು. ಮೈ ಎದ್ದಿತು, ಹಗ್ಗ ಬಿಗಿಯಾಯಿತು. ಧೀರಮಾತೆ ಜವರಪ್ಪನ ಭುಜ ಮುಟ್ಟಿದರು. "ನೀವೂ ಹಿಡಿತ ಬಿಡಿ," ಎಂದರು. ಅಷ್ಟೇ ಮೆತ್ತಗೆ. ಅವನು ಅವರ ಮುಖ ನೋಡಿದ, ಕಟ್ಟೆಯ ಮೇಲೆ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಬೆರಳು ಬಿಚ್ಚಿದ.

ಎಂಥ ಕೆಟ್ಟ ಕೂಗು ನನ್ನ ಬಾಯಿಂದ ಬಂತೋ ನನಗೇ ತಿಳಿಯದು. ಅಡುಗೆಮನೆಯಿಂದ ಓಡಿದೆ. ಕೂತವರ ಮೇಲೆ ತುಳಿದುಕೊಂಡೇ ಓಡಿದೆ. ಅವಳು ಆಳೆತ್ತರ ಹೋಗಿದ್ದಳು. ಕಟ್ಟೆಯ ಮೆಟ್ಟಿಲು ಹತ್ತಿ ಹಾರಿ ಅವಳ ಬಲಗಾಲು ಹಿಡಿದುಕೊಂಡೆ. ನನ್ನ ಈ ದೊಡ್ಡ ಮೈ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಒಳ್ಳೆಯ ಕೆಲಸಕ್ಕೆ ಬಂತು ಅನ್ನಿಸಿತು. ಅವಳು ನಿಂತಳು. "ಅಕ್ಕಾ, ಹಿಡ್ಕೋ, ಬಿಡಬೇಡ ಅಕ್ಕಾ," ಎಂದು ಅತ್ತಳು.

"ಹಿಡ್ಕೊಂಡಿದೀನಿ ಕಣವ್ವ. ಲೇ, ಯಾರಾದ್ರೂ ಆ ಒರಳಿನ ಗುಂಡು ತಂದು ಇವಳ ಮಡಿಲಿಗೆ ಹಾಕ್ರೋ!" ಎಂದು ಕಿರುಚಿದೆ.

ಅಡುಗೆಮನೆಯ ಬಾಗಿಲಲ್ಲೇ ಒರಳು ಇತ್ತು, ಗುಂಡು ಇತ್ತು. ನಾನು ತಂದ ಹಿಟ್ಟಿನ ಮೂಟೆ ಇತ್ತು. ಅಂಗಳದ ತುಂಬ ಆಗತಾನೆ ಚೀಲ ತುಂಬಿಸಿಕೊಂಡ ಜನ, ಒಬ್ಬೊಬ್ಬರು ಒಂದೊಂದು ಕಲ್ಲು ಕೊಟ್ಟಿದ್ದರೂ ಸಾಕಿತ್ತು. ಅವರಲ್ಲಿ ನನ್ನ ಗಿರಾಕಿಗಳಿದ್ದರು, ಹೊಂಬಾಳೆಯ ಬಾಣಂತನಕ್ಕೆ ಬಂದಿದ್ದ ಹೆಂಗಸರಿದ್ದರು, ಅವಳ ಮಗು ಹೋದಾಗ ಅತ್ತವರಿದ್ದರು. ಯಾರ ಮನಸ್ಸೂ ಕಲ್ಲಾಗಿರಲಿಲ್ಲ, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಾನೇ ನೋಡಿದೆ. ಆದರೂ ಎಲ್ಲರೂ ಕಟ್ಟೆಯ ಕಡೆ ತಿರುಗಿ ಅಪ್ಪಣೆಗೆ ಕಾದು ಕೂತರು. ಜವರಪ್ಪ ಬಿಚ್ಚಿದ ಕೈಯನ್ನು ಹಾಗೇ ಚಾಚಿಕೊಂಡಿದ್ದ.

ಹೊಂಬಾಳೆಯೂ ಅತ್ತಲೇ ತಿರುಗಿದಳು. "ಗುರುಗಳೇ, ಅಕ್ಕ ಹಿಡ್ಕೊಂಡವ್ಳೆ. ಇರ್ಬೋದಾ?" ಎಂದು ಕೇಳಿದಳು. ಅಯ್ಯೋ ನನ್ನ ಕರ್ಮವೇ, ನೆಲದ ಮೇಲೆ ಇರುವುದಕ್ಕೂ ಆ ಮನುಷ್ಯನನ್ನೇ ಕೇಳಿದಳು! ಒಂದು ಹೂಂ ಅಂದಿದ್ದರೆ ಸಾಕಿತ್ತು. ಶೂನ್ಯರತ್ನರು ಕಣ್ಣು ತೆರೆಯಲಿಲ್ಲ. ಕೂಡದು ಎಂದೂ ಹೇಳಲಿಲ್ಲ. ಮುಖದ ಮೇಲೆ ಅದೇ ಮುಗುಳ್ನಗೆ. ಧೀರಮಾತೆ ಮಾತ್ರ, "ಕೇಳಬಾರದು ಹೊಂಬಾಳೆ," ಎಂದರು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಶಾಂತಿ ಗೀಂತಿ ಏನೂ ಇರಲಿಲ್ಲ, ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಭಯ ಇತ್ತು. "ಬಿಡಕ್ಕಾ. ಅಪ್ಪಣೆ ಆಗ್ಲಿಲ್ಲ," ಎಂದಳು. ಕಾಲು ಎಳೆದುಕೊಂಡಳು. ನಾನು ಉಗುರು ಊರಿ ಹಿಡಿದೆ. ಇನ್ನೊಂದು ಸಲ ಜೋರಾಗಿ ಎಳೆದುಕೊಂಡಳು, ನನ್ನ ಹಿಟ್ಟಿನ ಕೈಯಿಂದ ಆ ಕಾಲು ಜಾರಿತು.

ಪೊಂಗಲ್ ಹಂಚಿದರು.

ಪೊಲೀಸ್ ಠಾಣೆಗೆ ಹೋದೆ. ಇನ್ಸ್‌ಪೆಕ್ಟರು ಕುರ್ಚಿಗೆ ಪಟ್ಟಿ ಬಿಗಿದುಕೊಂಡು, ಮಡಿಲಲ್ಲಿ ಬಿಳಿ ಚೀಲ ಇಟ್ಟುಕೊಂಡು ಕೂತಿದ್ದರು. "ಯಾರ ಮೇಲೆ ಅಂತ ಕೇಸು ಹಾಕ್ಲಮ್ಮ? ಯಾರೂ ತಳ್ಳಿಲ್ಲ, ಹೊಡೆದಿಲ್ಲ. ನಿಮ್ಮ ತಂಗಿನೇ ಕಾಲು ಎಳ್ಕೊಂಡ್ರು ಅಂತ ಊರೆಲ್ಲ ಹೇಳುತ್ತೆ," ಎಂದರು. ಧೀರಮಾತೆಯ ಹತ್ತಿರ ಹೋದೆ. "ನಾನು ಬಿಡಿ ಅಂದದ್ದು ಮನಸ್ಸಿನ ಹಿಡಿತವನ್ನ, ಹಗ್ಗವನ್ನಲ್ಲ," ಎಂದರು. ಬಾಗಿಲಲ್ಲೇ ಕೂತು ಗದ್ದಲ ಮಾಡಿದ ಮೇಲೆ ಕೊನೆಗೊಮ್ಮೆ ಶೂನ್ಯರತ್ನರು ಮೌನ ಮುರಿದು ನನ್ನನ್ನು ಒಳಗೆ ಕರೆಸಿಕೊಂಡರು.

"ಬಿಟ್ಟವರು ಯಾರೂ ಇಲ್ಲ ತಾಯಿ," ಎಂದರು. "ಹೋದವರೂ ಯಾರಿಲ್ಲ. ಇರೋದು ಕೋಪ ಮಾತ್ರ. ಅದು ನಿಮ್ಮದು."

"ಹಂಗಾ ಸ್ವಾಮಿ? ಹಂಗಾದ್ರೆ ಇಷ್ಟು ದಿನ ನನ್ನ ರಾಗಿಗಂಜಿ ಕುಡಿದೋರೂ ಯಾರೂ ಇಲ್ವಾ?" ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಇಬ್ಬರು ಸೇವಕರು ಬಂದು ನನ್ನನ್ನು ಎಳೆದು ಹೊರಗೆ ಹಾಕಲು ನೋಡಿದರು. ಪಾಪ, ಅವರಿಗೆ ನಾನು ಅಲುಗಲಿಲ್ಲ. ನಾನೇ ಎದ್ದು ಬಂದೆ. ಅವತ್ತಿನಿಂದ ವಿಹಾರಕ್ಕೆ ಹಿಟ್ಟು ಕಳಿಸುವುದು ನಿಲ್ಲಿಸಿದೆ, ಅವತ್ತಿನಿಂದ ಊರಿನವರು ನನ್ನ ಗಿರಣಿಗೆ ಬರುವುದೂ ನಿಂತಿತು. ಮಾದಯ್ಯ ಮೇಷ್ಟ್ರ ಕೇರಿಯವರು ಮಾತ್ರ ಬರುತ್ತಾರೆ. ಮಿಷನ್ನು ದಿನದಲ್ಲಿ ಒಂದು ಗಂಟೆ ಓಡಿದರೆ ಹೆಚ್ಚು. ಉಳಿದ ಹೊತ್ತು ಗಿರಣಿ ಸುಮ್ಮನಿರುತ್ತದೆ, ಆ ಸುಮ್ಮನಿರುವುದೇ ನನಗೆ ಕಷ್ಟ.

ಹಾಗೆ ಸುಮ್ಮನಿದ್ದ ಒಂದು ಮಧ್ಯಾಹ್ನ ಜವರಪ್ಪ ಬಂದ. ಹೊಂಬಾಳೆ ಹೋದ ಮೇಲೆ ನಾನು ಅವನ ಮುಖ ನೋಡಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಮಿಷನ್ನಿನ ಕಂಬ ಹಿಡಿದುಕೊಂಡು ಒಳಗೆ ಬಂದ. ಸೊಂಟದ ಚೀಲದಲ್ಲಿ ಏನೂ ಇದ್ದಂತಿರಲಿಲ್ಲ. ಹೆಂಡತಿಗೋಸ್ಕರ ಅಳುವುದು ಬಿಡಲಿಲ್ಲವೆಂದು ಅವನನ್ನೂ ಮುಂದಿನ ಮೆಟ್ಟಿಲಿಗೆ ಏರಿಸಿದ್ದರು. ಕಾಲು ನೆಲದಿಂದ ಒಂದು ಗೇಣು ಮೇಲಿತ್ತು.

"ಅತ್ತಿಗೆ, ಒಂದು ಮಾತು ಹೇಳಿ ಸಾಕು. ತಪ್ಪು ಯಾರದೂ ಅಲ್ಲ ಅಂತ ಹೇಳಿ. ಅಲ್ಲಿ ಎಲ್ಲರೂ ಹೇಳ್ತಾರೆ, ಆದ್ರೂ ನಿದ್ದೆ ಬರಲ್ಲ. ನೀವು ಹೇಳಿದ್ರೆ ಬರುತ್ತೆ."

ನನಗೆ ಅಯ್ಯೋ ಅನ್ನಿಸಿತು. ಚಿಕ್ಕವನಿದ್ದಾಗಿನಿಂದ ಕಂಡ ಮುಖ. ನಿನ್ನದೇನೂ ತಪ್ಪಿಲ್ಲ ಹೋಗಪ್ಪ ಎಂದು ಹೇಳಿ ಕಳಿಸಬಹುದಿತ್ತು, ಬಾಯಿಗೂ ಬಂದಿತ್ತು. ಆದರೆ ಅವಳ ಕಾಲು ನನ್ನ ಕೈಯಲ್ಲಿ ಇನ್ನೂ ಜಾರುತ್ತಲೇ ಇತ್ತು.

"ಹಗ್ಗ ಯಾರ ಕೈಲಿತ್ತಪ್ಪಾ?" ಎಂದು ಕೇಳಿದೆ.

"ನನ್ನ ಕೈಲಿ."

"ಬೆರಳು ಬಿಚ್ಚಿದ್ದು?"

"ಧೀರಮಾತೆ ಬಿಡಿ ಅಂದ್ರು ಅತ್ತಿಗೆ. ಗುರುಗಳು ಸುಮ್ನಿದ್ರು. ಎಲ್ಲರೂ ನೋಡ್ತಾ ಇದ್ರು. ನಾನೊಬ್ಬ ಬಿಡದೇ ಇದ್ರೆ..."

"ಅವರು ಹೇಳಿದ್ರು. ಇವರು ಸುಮ್ನಿದ್ರು. ಎಲ್ಲಾ ಸರಿ. ಅವರ ಪಾಲು ಅವರದೇ, ಅದನ್ನ ನಾನು ಬಿಡೋಳಲ್ಲ. ಬೆರಳು ಬಿಚ್ಚಿದ್ದು ಯಾರು ಜವರಪ್ಪ?"

ಅವನು ಕಂಬವನ್ನು ತಬ್ಬಿಕೊಂಡು ಎಷ್ಟೋ ಹೊತ್ತು ತೂಗಾಡಿದ. ಕೊನೆಗೆ, "ನಾನೇ," ಎಂದ. "ನಾನೇ ಬಿಟ್ಟೆ. ಅವಳಿಗೆ ಹೋಗೋಕೆ ಇಷ್ಟ ಇರ್ಲಿಲ್ಲ, ಅವಳ ಮುಖ ನೋಡ್ತಾ ನೋಡ್ತಾ ಬಿಟ್ಟೆ ಅತ್ತಿಗೆ."

ಅವನ ಹಿಮ್ಮಡಿ ನೆಲಕ್ಕೆ ತಾಗಿತು. ಇಬ್ಬರೂ ನೋಡಿದೆವು. ಅವನು ಹೆದರಿ ಕಂಬ ಬಿಟ್ಟ, 'ಅಮ್ಮಾ' ಎಂದು ನೆಲದ ಮೇಲೆ ಕುಕ್ಕರಿಸಿದ. ಆ ಖಾಲಿ ಚೀಲವನ್ನು ಬಿಚ್ಚಿ ಎಸೆದರೂ ಮೈ ಏಳಲಿಲ್ಲ. ಭಾರ ಒಳಗಿನಿಂದ ಬರುತ್ತಲೇ ಇತ್ತು, ಹೆಗಲು ಕುಸಿಯಿತು, ಕೈ ಎತ್ತಲು ಆಗದೆ ನೆಲದ ಹಿಟ್ಟಿನ ಮೇಲೆ ಚೆಲ್ಲಿದ. ಅವನು ಅಂಥ ಅಳು ಅತ್ತದ್ದನ್ನು ನಾನು ಮಗು ಹೋದಾಗಲೂ ಕೇಳಿರಲಿಲ್ಲ. ಈ ಭಾರ ಯಾರಾದರೊಬ್ಬರ ಮೇಲೆ ಬೀಳಬೇಕೆಂದು ನಾನು ಹಗಲೂ ಇರುಳೂ ಶಾಪ ಹಾಕುತ್ತಿದ್ದವಳು. ಬಿದ್ದದ್ದು ಕಟ್ಟೆಯ ಮೇಲೆ ಕೂತವನ ಮೇಲಲ್ಲ, ಇವನ ಮೇಲೆ. ಕಟ್ಟೆಯ ಮೇಲೆ ಕೂತವನು ಅದೇ ಹೊತ್ತಿಗೆ ಊಟ ಮುಗಿಸಿ ಮಲಗಿದ್ದಿರಬೇಕು. ನಾನು ಹೋಗಿ ಅವನ ಪಕ್ಕದಲ್ಲಿ ಕೂತೆ.

ಅಳು ನಿಂತ ಮೇಲೆ ಜವರಪ್ಪ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ನೆಲಕ್ಕೆ ಕೈಯೂರಿ ಏಳಲು ನೋಡಿದ, ಆಗಲಿಲ್ಲ.

"ಅತ್ತಿಗೆ, ಇಷ್ಟು ಭಾರ ಆಗಿದೀನಿ ನೋಡಿ," ಎಂದ. ಅವನ ಕಣ್ಣಲ್ಲಿ ಒಂದು ಥರದ ಆಸೆ ಇತ್ತು, ಅದನ್ನು ನನ್ನಿಂದ ನೋಡಲಾಗಲಿಲ್ಲ. "ಎಂಥ ಗಾಳಿ ಬಂದ್ರೂ ಅಲ್ಲಾಡಲ್ಲ. ಈಗ ನಾನೊಬ್ನೇ ಹಿಡ್ಕೋಬಲ್ಲೆ."

"ಯಾರನ್ನಪ್ಪಾ?" ಎಂದೆ.